ಹೊಳಿ ಇಳದ್ರೂ ಭರೋಸಾ ತಿರುಗಿ ಬರಲ್ಲ

ಕಲಬುರಗಿಯಾಗ ಮಾನಸಿಕ ರೋಗದ ಡಾಕ್ಟರ್ ಆಗಿರೋ ನನ್ನ ಹತ್ರ ಭೀಮಾ ದಂಡಿ ಊರಿನ ಮಂದಿ ಬಂದಾಗ ಮೊದಲು ನಿದ್ದಿ ಇಲ್ಲ, ಎದಿ ಬಡ್ಕೊಂತದ ಅಂತಾರ, ಸ್ವಲ್ಪ ಕೂತು ಮಾತಾಡಿದ ಮ್ಯಾಲ ಬರೋ ಮಾತು ಬ್ಯಾರೆನೇ, "ಯಾವುದರ ಮ್ಯಾಲೂ ಭರೋಸಾ ಉಳದಿಲ್ರಿ ಸರ್." ಗುಳಿಗಿ ಬರದು ಕಳಿಸಿದ್ರ ಮುಗಿಯೋ ಮಾತಲ್ಲ ಇದು.

ರಾನಿ ಜಾನಾಫ್-ಬುಲ್ಮನ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞೆ ಹೇಳೋ ಪ್ರಕಾರ ನಾವೆಲ್ಲ ಮೂರು ನಂಬಿಕಿ ಇಟ್ಕೊಂಡೇ ದಿನ ದೂಡ್ತೀವಿ: ಜಗತ್ತು ಒಟ್ಟಾರೆ ಒಳ್ಳೇದು, ನಡಿಯೋದಕ್ಕೆಲ್ಲ ಒಂದು ಅರ್ಥ ಅದ, ನಾನು ಒಳ್ಳೆ ಮನುಷ್ಯ. ದೊಡ್ಡ ಆಘಾತ ಆದಾಗ ಈ ಮೂರೂ ಅಲ್ಲಾಡ್ತಾವ.

2020ರ ಅಕ್ಟೋಬರ್ ನೆನಪು ಮಾಡ್ಕೊಳ್ರಿ. ಬಂಗಾಳ ಕೊಲ್ಲಿ ವಾಯುಭಾರ ಕುಸಿತ 13ಕ್ಕ ಕಾಕಿನಾಡ ಹತ್ರ ದಡ ಮುಟ್ಟಿ, ತೆಲಂಗಾಣ ದಾಟಿ ನಮ್ಮ ಕಡಿಗೂ ಮಹಾರಾಷ್ಟ್ರದಾಗೂ ಸುರೀತು, ಮಹಾರಾಷ್ಟ್ರದಾಗ ಭೀಮಾಕ್ಕ ಕಟ್ಟಿದ ಉಜನಿ ಡ್ಯಾಮಿನಿಂದ ನೀರು ಬಿಟ್ರು, ಅಫಜಲಪುರ, ಜೇವರ್ಗಿ ಕಡಿ ಊರು ಹೊಲ ಎಲ್ಲಾ ನೀರಾಗ ನಿಂತ್ವು. ಭೀಮಾದ್ದು ಇದೇ ನೋಡ್ರಿ, ಇಲ್ಲಿ ಮಳಿ ನಿಂತು ಬಿಸಿಲು ಬಿದ್ದಿದ್ರೂ ಮ್ಯಾಲಿನ ನೀರು ಬಂದುಬಿಡ್ತದ. ಮುಗಿಲು ನೋಡಿ ಬಿತ್ತೋ ರೈತಗ, ಮುಗಿಲು ತಿಳಿ ಇದ್ದಾಗ್ಲೇ ತೊಗರಿ ಕೊಳೆತು ಹೋದ್ರ, ಇನ್ನ ಏನು ನೋಡಿ ನಂಬಬೇಕು? ಮೇ ತಿಂಗಳ 42-43 ಡಿಗ್ರಿ ಬಿಸಿಲಿಗೆ ಮಂದಿ ಬಳಲ್ತಾರ, ಸಿಡುಕ್ತಾರ, ಆದ್ರ ಭರೋಸಾ ಉಳದಿಲ್ಲ ಅನ್ನೋ ಮಾತು ಆಡೋದಿಲ್ಲ, ಯಾಕಂದ್ರ ಅದು ಬರೋದು ಗೊತ್ತಿರ್ತದ.

ಕೆಲವರಿಗೆ ಸಿಟ್ಟು, ಗೇಟ್ ಎತ್ತಿದವರು ಮನುಷ್ಯಾರೇ ಅಲ್ಲೇನು ಅಂತ ಕೇಳ್ತಾರ, ಅದು ನ್ಯಾಯವಾದ ಪ್ರಶ್ನಿ ಅಂತ್ಲೇ ನನಗ ಅನಸ್ತದ. ಕೆಲವರು ತಮ್ಮ ಮ್ಯಾಲೇ ಹಾಕ್ಕೊಂತಾರ, ಹೊಳಿ ಹೊಲ ಯಾಕ ಬಿತ್ತಿದೆ, ದನ ಯಾಕ ಮೊದ್ಲೇ ಬಿಚ್ಚಲಿಲ್ಲ ಅಂತ. ಮನಿಯವರು "ನಿಂದೇನೂ ತಪ್ಪಿಲ್ಲ ಬಿಡು" ಅಂತಾರ, ಪ್ರೀತಿಲೇ ಅಂತಾರ, ಆದ್ರ ಅವರಿಗೆ ಅದು ಹತ್ತೋದಿಲ್ಲ, ಯಾಕಂದ್ರ ತಪ್ಪು ನಂದೇ ಆಗಿದ್ರ ಮುಂದಿನ ಸಲ ತಪ್ಪಿಸಬಹುದಲ್ಲ ಅನ್ನೋ ಆಸರಾ ಅದರಾಗ ಅದ. ಆ ಆಸರಾ ಕಸ್ಕೊಬ್ಯಾಡ್ರಿ, ಅದಕ್ಕ ಕೆಲಸ ಕೊಡ್ರಿ: ನೀರು ಬಂದ್ರ ದನ ಯಾವ ದಿನ್ನಿಗೆ ಹೊಡಿಬೇಕು, ಪಹಣಿ ಆಧಾರ್ ಯಾರ ಮನ್ಯಾಗ ಇಡಬೇಕು, ನೀರು ಬಿಡೋ ಸುದ್ದಿ ಯಾರು ಫೋನ್ ಮಾಡಿ ಹೇಳ್ತಾರ, ಎಲ್ಲಾ ಅವರನ್ನೇ ಕೇಳಿ ಅವರ ಕೈಲೇ ಮಾಡಸ್ರಿ.

ತಿಂಗಳು ಕಳದ್ರೂ ಮಳಿ ಸಪ್ಪಳಕ್ಕ ಬೆಚ್ಚಿ ಬೀಳೋದು, ಹೊಲದ ಕಡಿ ಹೋಗದೇ ಇರೋದು, ಬದುಕಿ ಏನು ಅನ್ನೋ ಮಾತು ಇದ್ರ ಕಾಯಬ್ಯಾಡ್ರಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ರಿ, ಕನ್ನಡದಾಗೇ ಮಾತಾಡ್ತಾರ, ಪುಕ್ಕಟ, ರಾತ್ರಿ ಹಚ್ಚಿದ್ರೂ ನಡೀತದ.