ನೀಲಿ ಬೋಗಿಗಳೆಲ್ಲ ಎಲ್ಲಿಗೆ ಹೋದವು?

ಪ್ರಶ್ನೆ: ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಪ್ಯಾಸೆಂಜರ್ ಗಾಡಿಯಲ್ಲಿ ಓಡಾಡುತ್ತೇನೆ. ಹಳೇ ನೀಲಿ ಬೋಗಿಗಳು ಕಡಿಮೆಯಾಗುತ್ತಿವೆ. ವಯಸ್ಸಾದ ಬೋಗಿ, ಇಂಜಿನ್‌ಗಳನ್ನು ಏನು ಮಾಡುತ್ತಾರೆ? ನೇರ ಗುಜರಿಗಾ?

ಉತ್ತರ: ಗುಜರಿ ಕೊನೆಯ ಸ್ಟೇಷನ್. ಅಲ್ಲಿಗೆ ಹೋಗುವ ಮೊದಲು ಎಷ್ಟೋ ಬೋಗಿಗಳು ಒಂದೆರಡು ನೌಕರಿ ಬದಲಿಸಿರುತ್ತವೆ.

ನೀವು ಹೇಳುವ ನೀಲಿ ಬೋಗಿ ಐಸಿಎಫ್ ಮಾದರಿಯದು. ಚೆನ್ನೈನ ಪೆರಂಬೂರಿನ ಕಾರ್ಖಾನೆಯಲ್ಲಿ 1955ರಲ್ಲಿ ಶುರುವಾದ ಸ್ವಿಸ್ ವಿನ್ಯಾಸ. ಅಲ್ಲಿ ಈ ಮಾದರಿಯ ಕೊನೇ ಬೋಗಿ ತಯಾರಾದದ್ದು 2018ರ ಜನವರಿಯಲ್ಲಿ. ಈಗ ಬರುತ್ತಿರುವುದು ಎಲ್‌ಎಚ್‌ಬಿ, ಸ್ಟೇನ್‌ಲೆಸ್ ಸ್ಟೀಲಿನದು. ಎರಡರ ಕೊಂಡಿಯೇ ಬೇರೆ. ಹಾಗಾಗಿ ಒಂದೇ ಗಾಡಿಯಲ್ಲಿ ಸುಮ್ನೆ ಬೆರೆಸಿ ಓಡಿಸಲು ಆಗುವುದಿಲ್ಲ. ಬದಲಿಸಿದರೆ ಇಡೀ ಗಾಡಿಯನ್ನೇ ಬದಲಿಸಬೇಕು. ನಿನ್ನೆ ಇದ್ದದ್ದು ಇವತ್ತು ಮಾಯ ಅನ್ನಿಸುವುದು ಅದಕ್ಕೇ.

(ರೈಲ್ವೆ ಕೆಲಸಗಾರರ ಮುಂದೆ ‘ಬೋಗಿ’ ಅಂದರೆ ಅವರಿಗೆ ನೆನಪಾಗುವುದು ಡಬ್ಬಿಯ ಕೆಳಗಿನ ಗಾಲಿಗಳ ಚೌಕಟ್ಟು. ಇರಲಿ, ನಾವು ನಮ್ಮ ರೂಢಿಯಲ್ಲೇ ಹೋಗೋಣ.)

ಐಸಿಎಫ್ ಬೋಗಿಗೆ ಕಾಗದದ ಮೇಲೆ 25 ವರ್ಷ ಆಯುಷ್ಯ. ಅದನ್ನು ಒಳಗಿಂದ ತಿನ್ನುವುದು ತುಕ್ಕು. ಅದೂ ಶೌಚಾಲಯದ ಕೆಳಗೆ, ಬಾಗಿಲ ಹತ್ತಿರ ಜಾಸ್ತಿ, ನೀರು ಸದಾ ಅಲ್ಲೇ ಇಳಿಯುತ್ತದಲ್ವಾ? ಹುಬ್ಬಳ್ಳಿ ಗದಗ ರಸ್ತೆಯ ವರ್ಕ್‌ಶಾಪಿನಂಥ ಕಡೆ ದೊಡ್ಡ ರಿಪೇರಿಗೆ ಬಂದಾಗ ನೆಲ ಬಿಚ್ಚುತ್ತಾರೆ. ತುಕ್ಕು ಹಿಡಿದ ತಗಡು ಕತ್ತರಿಸಿ ಹೊಸದನ್ನು ಬೆಸೆಯುತ್ತಾರೆ. ಒಂದು ಹಂತ ದಾಟಿದರೆ ಅದಕ್ಕೆ ಹಾಕುವ ದುಡ್ಡು ದಂಡ.

ಪ್ರಯಾಣಿಕರ ಕೆಲಸದಿಂದ ಬಿಡಿಸಿದ ಬೋಗಿಗೆ ಸಿಗುವ ಎರಡನೇ ನೌಕರಿ ವಾಹನ ಸಾಗಣೆ. ಸೀಟು ಕೀಳುತ್ತಾರೆ. ಕಿಟಕಿ, ಬಾಗಿಲಿಗೆ ತಗಡು ಹೊಡೆಯುತ್ತಾರೆ. ಎರಡೂ ತುದಿಯ ಗೋಡೆಯಲ್ಲಿ ದೊಡ್ಡ ಬಾಗಿಲು ಕೂರಿಸುತ್ತಾರೆ. ಒಂದು ತುದಿಯಿಂದ ಕಾರು ಹತ್ತಿಸಿದರೆ ಬೋಗಿಯಿಂದ ಬೋಗಿಗೆ ಓಡಿಸಿಕೊಂಡು ಹೋಗಿ ಸಾಲಾಗಿ ನಿಲ್ಲಿಸಬಹುದು. ಎನ್‌ಎಂಜಿ ಅಂತ ಹೆಸರು. ಆಕಾರ ಪ್ಯಾಸೆಂಜರ್ ಗಾಡಿಯದೇ, ಕಣ್ಣು ಮಾತ್ರ ಇಲ್ಲ. ಇನ್ನು ಕೆಲವು, ಹಳಿ ಕೆಲಸದವರು ಅಡುಗೆ ಮಾಡಿಕೊಂಡು ಮಲಗುವ ಕ್ಯಾಂಪ್ ಬೋಗಿಗಳಾಗುತ್ತವೆ. 2020ರ ಕೊರೋನಾ ಕಾಲದಲ್ಲಿ ದೇಶದ 5000ಕ್ಕೂ ಹೆಚ್ಚು ಬೋಗಿಗಳು ಐಸೋಲೇಷನ್ ವಾರ್ಡ್ ಕೂಡ ಆಗಿದ್ದವು.

ಅದೂ ಮುಗಿದ ಮೇಲೆ ‘ಕಂಡೆಮ್’ ಅಂತ ಬರೆದು ಆನ್‌ಲೈನ್ ಹರಾಜು. ಕೊಂಡ ಗುಜರಿಯವರು ಗ್ಯಾಸ್ ಕಟರ್‌ನಲ್ಲಿ ತುಂಡು ಮಾಡಿ ಒಯ್ಯುತ್ತಾರೆ. ಗಾಲಿಗಳ ದಾರಿ ಮಾತ್ರ ಬೇರೆ, ನನಗೆ ಬಹಳ ಇಷ್ಟವಾದದ್ದು ಇದೇ. ಸವೆದ ಗಾಲಿ, ಅಚ್ಚುಗಳು ಬೆಂಗಳೂರಿನ ಯಲಹಂಕದ ರೈಲು ಗಾಲಿ ಕಾರ್ಖಾನೆಗೆ ಹೋಗುತ್ತವೆ. ಅಲ್ಲಿ ಕರಗಿಸಿ ಮತ್ತೆ ರೈಲು ಗಾಲಿಯನ್ನೇ ಎರಕ ಹೊಯ್ಯುತ್ತಾರೆ. ನಿಮ್ಮ ಹಳೇ ಗಾಡಿಯ ಉಕ್ಕು ಈಗಿನ ಗಾಡಿಯ ಕೆಳಗೇ ಉರುಳುತ್ತಿದ್ದರೂ ಉರುಳುತ್ತಿರಬಹುದು.

ಇಂಜಿನ್ ಕಥೆ ಚಿಕ್ಕದು. ಡೀಸೆಲ್ ಇಂಜಿನ್‌ಗೆ 36 ವರ್ಷ ಆಯುಷ್ಯ ಅಂತ ಲೆಕ್ಕ. ವಿದ್ಯುತ್ ತಂತಿ ಬಂದ ಮೇಲೆ ಕೆಲವಕ್ಕೆ ವಯಸ್ಸಾಗುವ ಮೊದಲೇ ಕೆಲಸ ಹೋಯಿತು. 2020ರಲ್ಲಿ ಭಾರತ ಇಂಥ ಓಡಿದ 10 ಡೀಸೆಲ್ ಇಂಜಿನ್‌ಗಳನ್ನು ಬಾಂಗ್ಲಾದೇಶಕ್ಕೆ ಕೊಟ್ಟಿತು. ಮ್ಯೂಸಿಯಂ ಸೇರುವ ಪುಣ್ಯ ಬೆರಳೆಣಿಕೆಯವಕ್ಕೆ. 2020ರಲ್ಲಿ ಹುಬ್ಬಳ್ಳಿಯಲ್ಲೂ ಒಂದು ರೈಲ್ವೆ ಮ್ಯೂಸಿಯಂ ತೆರೆದಿದೆ, ಮಕ್ಕಳನ್ನು ಕರೆದುಕೊಂಡು ಹೋಗಿ. ನನ್ನನ್ನು ಕೇಳಿದರೆ, ನವಲೂರಿನ ಪೇರಲ ಬುಟ್ಟಿ ಹೊತ್ತ ಸಾದಾ ಜನರಲ್ ಬೋಗಿಯೊಂದನ್ನೂ ಹಾಗೇ ಎತ್ತಿಡಬೇಕು.

ನಿಮ್ಮ ಬೋಗಿಯ ವಯಸ್ಸು ತಿಳಿಯಬೇಕಾ? ಪಕ್ಕದಲ್ಲಿ ಬರೆದ ನಂಬರ್ ನೋಡಿ. ಸಾಮಾನ್ಯವಾಗಿ ಮೊದಲ ಎರಡು ಅಂಕಿ ಹುಟ್ಟಿದ ವರ್ಷ. 02437 ಅಂದರೆ 2002ರದು. ಕೊನೆಯ ಮೂರು ಅಂಕಿ 401ರಿಂದ 600ರೊಳಗಿದ್ದರೆ ಜನರಲ್ ಬೋಗಿ. ತುದಿಯ ಗೋಡೆಯ ಮೇಲೆ ಯಾವ ವರ್ಕ್‌ಶಾಪಿನಲ್ಲಿ ಯಾವಾಗ ದೊಡ್ಡ ರಿಪೇರಿ ಆಯಿತು, ಮತ್ತೆ ಯಾವಾಗ ಹೋಗಬೇಕು ಅಂತಲೂ ಬರೆದಿರುತ್ತದೆ. ಅಲ್ಲಿ ‘ಯುಬಿಎಲ್‌ಎಸ್’ ಅಂತ ಕಂಡರೆ ಅದು ನಮ್ಮ ಹುಬ್ಬಳ್ಳಿ ವರ್ಕ್‌ಶಾಪು.