ದಿಯೆಪ್‌ನಿಂದ ಅರೋಮಾಂಶ್‌ಗೆ: ಸೈಕಲ್ ದಾರಿಯಲ್ಲಿ ಒಂದು ಇತಿಹಾಸ ಪಾಠ

ನಕ್ಷೆ ಎದುರಿಗಿಟ್ಟುಕೊಂಡು ಓದಿ. ಫ್ರಾನ್ಸಿನ ಉತ್ತರ ಕರಾವಳಿಯಲ್ಲಿ ವೆಲೋಮಾರಿಟೀಮ್ ಅನ್ನೋ ಸೈಕಲ್ ದಾರಿ ಇದೆ. ರೋಸ್ಕಾಫ್‌ನಿಂದ ಡಂಕರ್ಕ್‌ವರೆಗೆ ಸುಮಾರು 1,500 ಕಿ.ಮೀ. ನಮಗೆ ಬೇಕಾದದ್ದು ನಡುವಿನ ನಾರ್ಮಂಡಿ ಭಾಗ ಮಾತ್ರ.

ನಾರ್ಮಂಡಿ ಅಂದ ಕೂಡಲೇ 1944ರ ಜೂನ್ 6, ಯೂಟಾ, ಒಮಾಹಾ, ಗೋಲ್ಡ್, ಜೂನೋ, ಸ್ವೋರ್ಡ್ ಅಂತ ಬಾಯಿಪಾಠ ಮಾಡುತ್ತೇವೆ, ಅಲ್ವಾ? ಎರಡನೇ ಮಹಾಯುದ್ಧದಲ್ಲಿ ಜರ್ಮನರ ವಶದಲ್ಲಿದ್ದ ಫ್ರಾನ್ಸನ್ನು ಬಿಡಿಸಲು ಮಿತ್ರರಾಷ್ಟ್ರಗಳ ಸೈನ್ಯ ಇಳಿದ ದಿನ ಅದು, ಇಳಿದ ಐದು ಬೀಚುಗಳ ಹೆಸರು ಇವು. ನಾನೂ ಹಾಗೇ ಓದಿದ್ದೆ. ಆದರೆ ಒಳ್ಳೆಯ ಬಂದರು ಬಿಟ್ಟು ಬಯಲು ಮರಳಿನಲ್ಲಿ ಸೈನ್ಯ ಇಳಿದದ್ದು ಯಾಕೆ ಅನ್ನೋದು ಆಗ ತಲೆಗೆ ಹತ್ತಿರಲಿಲ್ಲ. ಅದು ತಿಳಿಯಬೇಕಾದರೆ ದಿಯೆಪ್‌ನಿಂದ ಹೊರಡಬೇಕು.

ದಿಯೆಪ್ ಬಂದರು ಊರು. ಎರಡೂ ಕಡೆ ಬಿಳಿ ಸುಣ್ಣಕಲ್ಲಿನ ಬಂಡೆಗೋಡೆ, ನಡುವಿನ ತಗ್ಗಿನಲ್ಲಿ ಊರು. ಇಲ್ಲಿ ಸೈಕಲ್ ತುಳಿಯುವವರಿಗೆ ಏರು, ಇಳಿತ ಜಾಸ್ತಿ. ಆ ಎತ್ತರದಿಂದ ಕೆಳಗೆ ನೋಡಿದರೆ ಸಾಕು, ಬೀಚಿನಲ್ಲಿ ಇಳಿದವರಿಗೆ ಅಡಗಲು ಜಾಗವೇ ಇರಲಿಲ್ಲ ಅಂತ ಗೊತ್ತಾಗುತ್ತದೆ. 1942ರ ಆಗಸ್ಟ್ 19ರಂದು ಮಿತ್ರರಾಷ್ಟ್ರಗಳ ಸುಮಾರು 6,000 ಸೈನಿಕರು ಜರ್ಮನರ ಕೈಯಲ್ಲಿದ್ದ ಈ ಬಂದರಿನ ಮೇಲೆ ದಾಳಿ ಮಾಡಿದರು. ಅವರಲ್ಲಿ ಸುಮಾರು 5,000 ಜನ ಕೆನಡಾದವರು. ಬೀಚಿನ ತುಂಬ ಗುಂಡುಕಲ್ಲು. ಅವು ಚಕ್ರದ ಸುತ್ತಲಿನ ಉಕ್ಕಿನ ಪಟ್ಟಿಗೆ ಸಿಕ್ಕಿ ಕೆಲವು ಟ್ಯಾಂಕುಗಳು ಅಲ್ಲೇ ನಿಂತವು. ದಾಟಿ ಬಂದವನ್ನೂ ಕಾಂಕ್ರೀಟ್ ತಡೆಗಳು ಊರೊಳಗೆ ಬಿಡಲಿಲ್ಲ. 900ಕ್ಕೂ ಹೆಚ್ಚು ಕೆನಡಾದವರು ಸತ್ತರು. ಅಷ್ಟು ಎಳೆಯ ಹುಡುಗರು. ಈ ಜಾಗವನ್ನು ಸುಮ್ನೆ ದಾಟಿ ಹೋಗಬೇಡಿ.

ಕಾವಲಿರುವ ಬಂದರನ್ನು ನೇರವಾಗಿ ಹಿಡಿಯುವುದು ಆಗದ ಕೆಲಸ ಅಂತ ಆಮೇಲೆ ಎಲ್ಲರಿಗೂ ಗೊತ್ತಾಯಿತು. ಹಾಗಾದರೆ ಲಕ್ಷಾಂತರ ಸೈನಿಕರಿಗೆ ಅನ್ನ, ಮದ್ದುಗುಂಡು ಇಳಿಸುವುದು ಎಲ್ಲಿ? ಬಂದರನ್ನೇ ಕಟ್ಟಿ ಎಳೆದುಕೊಂಡು ಬಂದರು! ಇದೇ ಮಲ್ಬೆರಿ. ಇಂಗ್ಲೆಂಡಿನಲ್ಲಿ ಮನೆಯಷ್ಟು ದೊಡ್ಡ, ಟೊಳ್ಳಾದ ಕಾಂಕ್ರೀಟ್ ಪೆಟ್ಟಿಗೆಗಳನ್ನು ಮಾಡಿದರು. ತೇಲಿಸಿ, ಕಡಲು ದಾಟಿಸಿ, ನಾರ್ಮಂಡಿಯ ಕಡಲಂಚಿನಲ್ಲಿ ಮುಳುಗಿಸಿ ಅಲೆತಡೆ ಗೋಡೆ ಮಾಡಿದರು. ಒಳಗೆ ತೇಲುವ ರಸ್ತೆ. ಇಂಥ ಎರಡು ಬಂದರು ಇದ್ದವು: ಒಂದು ಒಮಾಹಾದಲ್ಲಿ, ಇನ್ನೊಂದು ಗೋಲ್ಡ್ ಬೀಚಿನ ಅರೋಮಾಂಶ್ ಊರಿನ ಎದುರು. 1944ರ ಜೂನ್ 19ಕ್ಕೆ ಎದ್ದ ಬಿರುಗಾಳಿ ಒಮಾಹಾದ ಬಂದರನ್ನು ಹಾಳು ಮಾಡಿತು. ಅರೋಮಾಂಶ್‌ನದು ಉಳಿಯಿತು.

ದಿಯೆಪ್‌ನಿಂದ ಅರೋಮಾಂಶ್‌ಗೆ ಹೋಗುವಾಗ ಜೂನೋ ಸಿಗುತ್ತದೆ. 1944ರಲ್ಲಿ ಕೆನಡಾದವರು ಇಳಿದ ಬೀಚು ಇದೇ. ಅವರಲ್ಲಿ ಕೆಲವರು ಸೈಕಲ್ ಹೊತ್ತುಕೊಂಡು ಇಳಿದರು. ಬೇಗ ಒಳನಾಡಿಗೆ ಹೋಗಲಿ ಅಂತ ಕೊಟ್ಟಿದ್ದು. ಆ ಫೋಟೋಗಳನ್ನು ಒಮ್ಮೆ ನೋಡಿ. ನಾವು ಖುಷಿಗೆ ತುಳಿಯುವ ದಾರಿಯಲ್ಲಿ ಅವರು ಯಾವ ಭಾರ ಹೊತ್ತಿದ್ದರು ಅಂತ ಕಾಣುತ್ತದೆ.

ಅರೋಮಾಂಶ್ ತಲುಪುವ ಮುಂಚೆ ಆ ದಿನದ ಕಡಲಿನ ಉಬ್ಬರ, ಇಳಿತದ ವೇಳೆ ತಿಳಿದುಕೊಳ್ಳಿ. ನೀರು ಇಳಿದಾಗ ಕೆಲವು ಪೆಟ್ಟಿಗೆಗಳ ಹತ್ತಿರಕ್ಕೇ ಮರಳಿನ ಮೇಲೆ ನಡೆದು ಹೋಗಬಹುದು.