ಕುಣಿಯುತ್ತಿರುವುದು ಇಂಜಿನ್ನೋ, ಮುಳ್ಳೋ?

ಪ್ರಶ್ನೆ: ಹಾರಾಟದ ನಡುವೆ ಇಂಜಿನ್ ಮೀಟರಿನ ಮುಳ್ಳು ಏರಿಳಿಯತೊಡಗಿದರೆ, ಕೆಟ್ಟಿರುವುದು ಇಂಜಿನ್ನೋ ಸೆನ್ಸರೋ ಎಂದು ಪೈಲಟ್‌ಗಳಿಗೆ ಹೇಗೆ ಗೊತ್ತಾಗುತ್ತದೆ? ಅನುಮಾನ ಬಂದರೆ ಇಂಜಿನ್ ನಿಲ್ಲಿಸಿಬಿಡುತ್ತಾರಾ?

ಇಲ್ಲ. ಒಂದೇ ಮುಳ್ಳನ್ನು ನಂಬಿ ಇಂಜಿನ್ ನಿಲ್ಲಿಸುವ ಪದ್ಧತಿಯಿಲ್ಲ; ಉಳಿದ ಮುಳ್ಳುಗಳ ಸಾಕ್ಷಿ ಬೇಕು.

ಸಿಎಫ್‌ಎಂ56 ಇಂಜಿನ್ ಇರುವ ಏರ್‌ಬಸ್ ಎ320 ತೆಗೆದುಕೊಳ್ಳೋಣ. ಪ್ರತಿ ಇಂಜಿನ್ನಿಗೂ ಮುಖ್ಯವಾಗಿ ನಾಲ್ಕು ಅಂಕಿಗಳು: ಎನ್1 (ಮುಂದಿನ ಫ್ಯಾನಿನ ವೇಗ), ಇಜಿಟಿ (ಹೊರಬೀಳುವ ಅನಿಲದ ಉಷ್ಣತೆ), ಎನ್2 (ಒಳಗಿನ ರೋಟರಿನ ವೇಗ), ಇಂಧನದ ಹರಿವು. ನಾಲ್ಕೂ ಒಂದೇ ನೊಗಕ್ಕೆ ಕಟ್ಟಿದಂತೆ. ಇಂಧನ ಹೆಚ್ಚಿದರೆ ಉಷ್ಣತೆ ಏರಬೇಕು, ರೋಟರುಗಳು ವೇಗ ಪಡೆಯಬೇಕು. ಹಾಗಾಗಿ ಎನ್1 ಒಂದೇ ಶೇ. 82ರಿಂದ 50ಕ್ಕೆ ಬಿದ್ದು ಮತ್ತೆ ಎದ್ದು, ಉಳಿದ ಮೂರು ಕದಲದೆ ನಿಂತಿದ್ದರೆ ಅನುಮಾನ ಸೆನ್ಸರಿನ ಮೇಲೆ. ಇನ್ನೊಂದು ಸುಳಿವು ಕಾಲದ್ದು. ಅಷ್ಟು ಭಾರದ ರೋಟರ್ ಅರ್ಧ ಸೆಕೆಂಡಿನಲ್ಲಿ ಇಳಿದು ಏರಲಾರದು. ಅಂಥ ನೆಗೆತ ಸಡಿಲ ಕನೆಕ್ಟರ್ ಅಥವಾ ಹರಿದ ತಂತಿಯದು. ನಿಜವಾಗಿ ಇಂಜಿನ್ ಸರ್ಜ್ ಆದರೆ (ಒಳಗಿನ ಗಾಳಿಯ ಹರಿವು ಕೆಟ್ಟು ಹಿಮ್ಮೊಗವಾದರೆ) ಎನ್1 ಕುಸಿಯುತ್ತದೆ, ಇಜಿಟಿ ಏರುತ್ತದೆ, ಢಬ್ ಎಂದು ಸದ್ದು ಬರುತ್ತದೆ, ವಿಮಾನ ಅದುರಿ ಮೂಗು ಒಂದು ಪಕ್ಕಕ್ಕೆ ಎಳೆಯುತ್ತದೆ.

ಕೆಲಸದ ಕ್ರಮದಲ್ಲಿ ಮೊದಲನೆಯದು, ಒಬ್ಬರು ವಿಮಾನ ಹಾರಿಸುತ್ತಲೇ ಇರಬೇಕು. ಅಂಕಿಗಳನ್ನು ಗಟ್ಟಿಯಾಗಿ ಓದುವವರು ಇನ್ನೊಬ್ಬರು. ಥ್ರಸ್ಟ್ (ಇಂಜಿನ್ ಕೊಡುವ ತಳ್ಳುಬಲ) ನಿಜಕ್ಕೂ ಏರಿಳಿಯುತ್ತಿದ್ದರೆ, ಅದನ್ನು ತಾನೇ ಹೊಂದಿಸುವ ಆಟೋಥ್ರಸ್ಟ್ ತೆಗೆಯುತ್ತಾರೆ. ಏರ್‌ಬಸ್‌ನಲ್ಲಿ ಇಲ್ಲೊಂದು ಎಚ್ಚರ: ಥ್ರಸ್ಟ್ ಲಿವರ್‌ಗಳು ಕ್ಲೈಂಬ್ (ಮೇಲೇರುವಾಗಿನ ಥ್ರಸ್ಟ್) ಗುರುತಿನಲ್ಲೇ ಇರುವಾಗ ಆಟೋಥ್ರಸ್ಟ್ ತೆಗೆಯುವ ಬಟನ್ ಒತ್ತಿದರೆ ಥ್ರಸ್ಟ್ ಒಮ್ಮೆಲೇ ಕ್ಲೈಂಬ್ ಮಟ್ಟಕ್ಕೆ ಜಿಗಿಯುತ್ತದೆ. ಮೊದಲು ಲಿವರ್‌ಗಳನ್ನು ಈಗಿನ ಥ್ರಸ್ಟ್‌ಗೆ ಹೊಂದಿಸಿ, ಆಮೇಲೆ ಒತ್ತಬೇಕು. ನಂತರ ಅನುಮಾನವಿರುವ ಇಂಜಿನ್ನಿನ ಲಿವರನ್ನು ನಿಧಾನವಾಗಿ ಹಿಂದೆಳೆದು, ಯಾವ ಅಂಕಿ ಜೊತೆಗೆ ಇಳಿಯಿತು, ಯಾವುದು ಇಳಿಯಲಿಲ್ಲ ಎಂದು ನೋಡುತ್ತಾರೆ.

ಆಯಿಲ್ ಒತ್ತಡಕ್ಕೆ ಇಬ್ಬರು ಸಾಕ್ಷಿಗಳಿದ್ದಾರೆ. ಮೀಟರಿಗೆ ಅಳತೆ ಕಳಿಸುವುದು ಒಂದು ಸೆನ್ಸರ್, ಕೆಂಪು ಎಚ್ಚರಿಕೆ ಕೊಡುವುದು ಬೇರೆಯೇ ಸ್ವಿಚ್. ಎರಡೂ ಒಟ್ಟಿಗೆ ಒತ್ತಡ ಕಡಿಮೆ ಎಂದರೆ ಇಂಜಿನ್ ನಿಲ್ಲಿಸಲೇಬೇಕು. ಒಂದೇ ಹೇಳಿದರೆ, ಆಯಿಲ್‌ನ ಉಷ್ಣತೆ ಮತ್ತು ಪ್ರಮಾಣ ಗಮನಿಸುತ್ತ ಮುಂದುವರಿಯಬಹುದು. ಕಂಪನದ ಅಳತೆ ಮಾತ್ರ ಏರಿದ್ದರೆ ಅದೊಂದಕ್ಕೇ ಇಂಜಿನ್ ನಿಲ್ಲಿಸುವುದಿಲ್ಲ. ಫ್ಯಾನಿಗೆ ಮಂಜು ಕಟ್ಟಿದರೂ ಅದು ಏರುತ್ತದೆ.

ಸುಳ್ಳು ಹೇಳುವ ಮುಳ್ಳು ಯಾವಾಗಲೂ ಕುಣಿಯುವುದಿಲ್ಲ, ಅಪಾಯ ಇರುವುದು ಅಲ್ಲೇ. 1982ರ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ಏರ್ ಫ್ಲೋರಿಡಾದ ಬೋಯಿಂಗ್ 737 ಹಿಮದ ನಡುವೆ ಟೇಕಾಫ್ ಮಾಡಿತು. ಮಂಜು ಕಟ್ಟದಂತೆ ತಡೆಯುವ ಇಂಜಿನ್ ಆ್ಯಂಟಿ-ಐಸ್ ಹಾಕಿರಲಿಲ್ಲ. ಇಂಜಿನ್ ಮುಂಭಾಗದ ಒತ್ತಡ ಅಳೆಯುವ ನಳಿಗೆ ಮಂಜಿನಿಂದ ಕಟ್ಟಿಕೊಂಡು ಇಪಿಆರ್, ಅಂದರೆ ಹಿಂದಿನ ಮತ್ತು ಮುಂದಿನ ಒತ್ತಡಗಳ ಅನುಪಾತ, 2.04 ಎಂದು ತೋರಿಸಿತು. ನಿಜಕ್ಕೂ ಇದ್ದದ್ದು ಸುಮಾರು 1.70. ಉಳಿದ ಮುಳ್ಳುಗಳು ಕೆಳಗೇ ಇದ್ದವು, ಸಹಪೈಲಟ್ ಇದು ಸರಿಯಿಲ್ಲ ಎಂದೂ ಹೇಳಿದರು. ಆದರೂ ಟೇಕಾಫ್ ನಿಲ್ಲಲಿಲ್ಲ. ಸೇತುವೆಗೆ ಬಡಿದು ವಿಮಾನ ಪೊಟೋಮ್ಯಾಕ್ ನದಿಗೆ ಬಿತ್ತು. 78 ಜನ ಸತ್ತರು.

ಏಳು ವರ್ಷದ ನಂತರ, 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್‌ವರ್ತ್‌ನಲ್ಲಿ ಆದದ್ದು ಇದರ ತಿರುಗುಮುರುಗು. ಎಡ ಇಂಜಿನ್ನಿನ ಫ್ಯಾನ್ ಬ್ಲೇಡ್ ಮುರಿದಿತ್ತು, ಕಂಪನದ ಮೀಟರ್ ಸರಿಯಾಗಿಯೇ ಹೇಳುತ್ತಿತ್ತು. ಹಳೆಯ ವಿಮಾನಗಳ ಕಂಪನ ಮೀಟರ್ ನಂಬಲರ್ಹವಲ್ಲ ಎಂಬ ಅನುಭವವಿದ್ದ ಪೈಲಟ್‌ಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಟೋಥ್ರಾಟಲ್ (ಬೋಯಿಂಗ್‌ನ ಆಟೋಥ್ರಸ್ಟ್) ತೆಗೆದು ಬಲ ಇಂಜಿನ್ ತಗ್ಗಿಸಿದಾಗ ಅದುರಾಟ ಕಡಿಮೆಯಾಯಿತು. ಅದು ಕಡಿಮೆಯಾದದ್ದು ಆಟೋಥ್ರಾಟಲ್ ತೆಗೆದದ್ದರಿಂದ. ಅವರು ಮಾತ್ರ ಬಲ ಇಂಜಿನ್ನೇ ಕೆಟ್ಟಿದೆ ಎಂದುಕೊಂಡು ಅದನ್ನೇ ನಿಲ್ಲಿಸಿದರು. ಇಳಿಯುವ ಮುನ್ನ ಎಡ ಇಂಜಿನ್ನೂ ಕೈಕೊಟ್ಟು ವಿಮಾನ ಬಿತ್ತು. 47 ಜನ ಸತ್ತರು. ಹಾಗಾಗಿ ಎರಡು ಬದಲಾವಣೆ ಒಟ್ಟಿಗೆ ಮಾಡಬಾರದು. ಇಂಧನ ಸ್ವಿಚ್ ಮುಟ್ಟುವ ಮುನ್ನ ಯಾವ ಇಂಜಿನ್ನಿನದು ಎಂದು ಇಬ್ಬರೂ ಖಚಿತಪಡಿಸಿಕೊಳ್ಳಬೇಕು.

ಇಂದಿನ ಇಂಜಿನ್‌ಗಳಲ್ಲಿ ಈ ತಾಳೆಯನ್ನು ಬಹುಪಾಲು ಇಂಜಿನ್ ನಿಯಂತ್ರಿಸುವ ಫ್ಯಾಡೆಕ್ ಕಂಪ್ಯೂಟರೇ ಮಾಡುತ್ತದೆ. ಅದರ ಎರಡು ಚಾನೆಲ್‌ಗಳು ಒಂದನ್ನೊಂದು ಹೋಲಿಸಿ ತಪ್ಪು ಅಳತೆಯನ್ನು ಬದಿಗಿಡುತ್ತವೆ. ನಂಬಲಾಗದ ಅಂಕಿಯ ಜಾಗದಲ್ಲಿ ಏರ್‌ಬಸ್ ಪರದೆ ಹಳದಿ XX ಗುರುತನ್ನು ತೋರಿಸುತ್ತದೆ. ಎ320ರ ಇನ್ನೊಂದು ಬಗೆಯ ಇಂಜಿನ್ನಾದ ವಿ2500 ಇಪಿಆರ್ ಅಳತೆ ಕಳೆದುಕೊಂಡರೆ, ಥ್ರಸ್ಟನ್ನು ಎನ್1 ನೋಡಿ ಹೊಂದಿಸುವ ಎನ್1 ಮೋಡ್‌ಗೆ ಇಳಿಯುತ್ತದೆ, ಆಟೋಥ್ರಸ್ಟ್ ಸಿಗುವುದಿಲ್ಲ.

ಇಳಿದ ಮೇಲೆ ಟೆಕ್ ಲಾಗ್‌ನಲ್ಲಿ (ವಿಮಾನದ ದೋಷ ಬರೆದಿಡುವ ಪುಸ್ತಕ) "ಎನ್1 ಏರಿಳಿತ" ಎಂದಷ್ಟೇ ಬರೆದರೆ ಇಂಜಿನಿಯರ್‌ಗೆ ಏನೂ ಸಿಗುವುದಿಲ್ಲ. ಎಷ್ಟರಿಂದ ಎಷ್ಟಕ್ಕೆ, ಯಾವ ಎತ್ತರ, ಆಗ ಇತರ ಮೂರು ಅಂಕಿ ಎಷ್ಟು, ಆ್ಯಂಟಿ-ಐಸ್ ಆನ್ ಇತ್ತೇ ಎಂಬುದು ಬೇಕು. ಎಷ್ಟೋ ಸಲ ದೋಷ ಸಿಗುವುದು ಸೆನ್ಸರಿನಲ್ಲಲ್ಲ, ಅದರ ಕನೆಕ್ಟರಿನ ತೇವದಲ್ಲಿ.